ಮಿಲ್ಟ್ರಿ ಮಾವ ಕೊಡದೇ ಹೋದ ಎರಡು ತೋಟೆ

ಠಾಣೆಯ ಹಿಂದಿನ ಕೋಣೆಯ ಬಾಗಿಲು ತೆಗೆದೊಡನೆ ಆ ವಾಸನೆ ಬಂತು. ಬಂದೂಕಿಗೆ ಹಚ್ಚುವ ಎಣ್ಣೆ, ಹಳೆಯ ಗೋಣಿಚೀಲ, ಬಹಳ ದಿನ ಮುಚ್ಚಿಟ್ಟ ಕೋಣೆಯ ತಣ್ಣನೆಯ ಗಾಳಿ. ಚುನಾವಣೆ ಬಂತೆಂದರೆ ನಮ್ಮಂಥ ಲೈಸೆನ್ಸಿನವರೆಲ್ಲ ಬಂದೂಕು ತಂದು ಠಾಣೆಯಲ್ಲಿ ಜಮೆ ಮಾಡಬೇಕು. ಗೋಡೆಗೆ ಒರಗಿಸಿದ ಬಂದೂಕುಗಳ ಕುತ್ತಿಗೆಗೆಲ್ಲ ರಟ್ಟಿನ ಚೀಟಿ ಕಟ್ಟಿದ್ದರು. ನನ್ನದಕ್ಕೂ ಒಂದು ಕಟ್ಟಿದ ಕಾನ್‌ಸ್ಟೇಬಲ್, "ತೋಟೆ ಎಷ್ಟು ತಂದೀರಿ?" ಎಂದು ಕೇಳಿದ. ಕಾಡತೂಸಿಗೆ ನಮ್ಮ ಕಡೆ ತೋಟೆ ಎನ್ನುತ್ತೇವೆ.

"ನಾಲ್ಕು."

ಅವನು ತಲೆಯೆತ್ತಿ ನೋಡಿದ. "ಅಷ್ಟೇನಾ? ಬೇರೆಯೋರು ಡಬ್ಬಿಗಟ್ಲೆ ತಂದು ಕೊಟ್ಟು ಹೋಗ್ಯಾರೆ."

"ಅಷ್ಟೇ ಸಾಕು ಅಂತ ಹೇಳಿಕೊಟ್ಟೋರು ಒಬ್ಬರಿದ್ರು" ಎಂದೆ. ಅವನಿಗೆ ಅದರ ಹಿಂದೆ ಕತೆಯಿದೆಯೆಂದು ಅನ್ನಿಸಲಿಲ್ಲ. ರಸೀದಿ ಹರಿದು ಕೊಟ್ಟ. ನಾನು ಹೊರಗೆ ಬಂದು ಬೇವಿನ ಮರದ ಕೆಳಗೆ ಸುಮಾರು ಹೊತ್ತು ನಿಂತೆ... ಆ ಎಣ್ಣೆಯ ವಾಸನೆ ಕೈಬೆರಳಲ್ಲಿ ಇನ್ನೂ ಇತ್ತು.

ಊರಿನಲ್ಲಿ ಎಲ್ಲರೂ ಅವರನ್ನು ಮಿಲ್ಟ್ರಿ ಮಾವ ಎನ್ನುತ್ತಿದ್ದರು. ಹುಟ್ಟಿದ್ದು ಜಗಳೂರು ಕಡೆಯ ಒಂದು ಹಳ್ಳಿಯಲ್ಲಿ. ಸೈನ್ಯದಿಂದ ನಿವೃತ್ತರಾದ ಮೇಲೆ ಹೆಂಡತಿಯ ಊರಾದ ನಮ್ಮ ಗೋವಿನಕೋವಿಗೆ ಬಂದು ನೆಲೆಸಿದ್ದರು. ಹೊನ್ನಾಳಿಯ ಒಂದು ಬ್ಯಾಂಕಿನಲ್ಲಿ ಗಾರ್ಡ್ ಕೆಲಸ. ಸ್ವಂತ ಜೋಡು ನಳಿಗೆಯ ಬಂದೂಕು ಇತ್ತು. ಅವರ ಮನೆಯ ಪಡಸಾಲೆಯಲ್ಲಿ ಬುದ್ಧನ ದೊಡ್ಡದೊಂದು ಪಟ, ಅದರ ಪಕ್ಕ ಅಂಬೇಡ್ಕರರ ಪಟ. ಕಟ್ಟಡದ ಕೆಲಸ, ಕೂಲಿ ಕೆಲಸ ಮಾಡುವ ಅವರ ಕೇರಿಯ ಹುಡುಗರೆಲ್ಲ ಅರ್ಜಿ ಬರೆಸಿಕೊಳ್ಳಲು ಆ ಪಡಸಾಲೆಗೇ ಬರುತ್ತಿದ್ದರು. "ನಿಮ್ಮೂರಿನ ಹೆಸರಿನಾಗೇ ಕೋವಿ ಐತಲ್ರೋ" ಎಂದು ಮಾವ ಒಮ್ಮೊಮ್ಮೆ ನಗುತ್ತಿದ್ದರು. ನಾನು ಅವರನ್ನು ಮಾವ ಎನ್ನುತ್ತಿದ್ದೆ, ಅವರು ನನ್ನನ್ನು ಅಳಿಯಾ ಎನ್ನುತ್ತಿದ್ದರು. ಜಾತಿ ಬೇರೆ, ಕೇರಿ ಬೇರೆ, ಆದರೂ ಆ ಮಾತು ಹಾಗೆಯೇ ಕೂಡಿಕೊಂಡಿತ್ತು.

ನಮ್ಮ ಮನೆಯ ಬಂದೂಕು ಅಪ್ಪನದು. ಗುಡ್ಡದ ಕಡೆಯ ಮೆಕ್ಕೆಜೋಳದ ಹೊಲಕ್ಕೆ ಹಂದಿ ನುಗ್ಗುತ್ತವೆಂದು ಬೆಳೆ ಕಾಯಲು ಕೊಟ್ಟ ಲೈಸೆನ್ಸು. ಒಂಟಿ ನಳಿಗೆ. ಅಪ್ಪ ತೀರಿಕೊಂಡ ಮೇಲೆ ಅದು ನನ್ನ ಹೆಸರಿಗೆ ಆಗುವಷ್ಟರಲ್ಲಿ ವರ್ಷದ ಮೇಲಾಯಿತು. ಅಲ್ಲಿಯವರೆಗೂ ಬಂದೂಕು ಠಾಣೆಯಲ್ಲೇ ಇತ್ತು. ಅದನ್ನು ಬಿಡಿಸಿಕೊಂಡು ಮನೆಗೆ ತಂದ ದಿನ ಮಿಲ್ಟ್ರಿ ಮಾವ ನೋಡಲು ಬಂದರು. ಬಂದೂಕನ್ನು ನಡುವಿನ ಕೀಲಿನಲ್ಲಿ ಮಡಚಿ ನಳಿಗೆಯೊಳಗೆ ಬೆಳಕು ನೋಡಿದರು. ಆಮೇಲೆ ಕೇಳಿದ್ದು ಒಂದೇ ಪ್ರಶ್ನೆ.

"ನಿಮ್ಮಪ್ಪನ ತೋಟೆ ಎಲ್ಲಿದಾವೆ?"

ನಾನು ಅಡುಗೆಮನೆಯ ಕಡೆ ಕೈ ತೋರಿಸಿದೆ. ಒಲೆಯ ಮೇಲಿನ ಅಟ್ಟದಲ್ಲಿ, ಒಂದು ತಾಮ್ರದ ತಂಬಿಗೆಯಲ್ಲಿ ಅಪ್ಪ ತೋಟೆ ಹಾಕಿಡುತ್ತಿದ್ದರು. ಹೊಗೆಗೆ ಬೆಚ್ಚಗಿದ್ದರೆ ಮದ್ದು ತೇವ ಹಿಡಿಯುವುದಿಲ್ಲ ಎಂಬುದು ಅವರ ಲೆಕ್ಕ. ಕೆಳಗೆ ನನ್ನ ಹೆಂಡತಿ ರೊಟ್ಟಿ ಬಡಿಯುತ್ತಿದ್ದಳು.

ಮಾವ ಏರುದನಿ ತೆಗೆಯಲಿಲ್ಲ. "ತಾಯೀ, ಒಲೆ ಆರ್ಸಿ ಸ್ವಲ್ಪ ಹೊರಗೆ ಬರ್ರಿ" ಎಂದರು. ಒಲೆ ಪೂರ್ತಿ ತಣ್ಣಗಾಗುವವರೆಗೆ ಅಂಗಳದಲ್ಲಿ ಕುಳಿತರು. ಆಮೇಲೆ ತಾವೇ ಏಣಿ ಹತ್ತಿ, ತಂಬಿಗೆಯನ್ನು ಹಸುಗೂಸು ಎತ್ತಿದ ಹಾಗೆ ಎತ್ತಿಕೊಂಡು ಬಂದು ಚಾಪೆಯ ಮೇಲೆ ಒಂದೊಂದನ್ನೇ ಇಟ್ಟರು. ಕೆಲವು ಉಬ್ಬಿದ್ದವು. ಕೆಲವಕ್ಕೆ ಹಿತ್ತಾಳೆಯ ಬುಡದಲ್ಲಿ ಹಸಿರು ಕಿಲುಬು ಹತ್ತಿತ್ತು. ಯಾವುದು ಯಾವ ವರ್ಷದ್ದೋ ದೇವರಿಗೇ ಗೊತ್ತು.

"ಇವನ್ನ ಹೊಳೆಗೆ ಎಸೆದು ಬರ್ತೀನಿ ಮಾವ" ಎಂದೆ.

"ಹೊಳೆಗೂ ಬ್ಯಾಡ, ಬಾವಿಗೂ ಬ್ಯಾಡ, ಮಣ್ಣಾಗೆ ಹೂಳಾದೂ ಬ್ಯಾಡ. ಕೆಟ್ಟ ತೋಟೆ ಸಿಡಿಯಲ್ಲ ಅಂತ ನಂಬಬಾರ್ದು, ಸಿಡೀತೈತೆ ಅಂತಾನೂ ನಂಬಬಾರ್ದು ಅಳಿಯಾ. ಅದರ ಹತ್ರ ನಂಬಿಕೆ ಮಾತೇ ಇಟ್ಕೋಬಾರ್ದು."

ಮರುದಿನ ನನ್ನ ಜೊತೆ ಠಾಣೆಗೆ ಬಂದು, ಹಳೆಯ ತೋಟೆ ಸಿಕ್ಕಿವೆ ಎಂದು ನನ್ನಿಂದಲೇ ಅರ್ಜಿ ಬರೆಸಿ, ಅವನ್ನೆಲ್ಲ ಒಪ್ಪಿಸಿದರು.

ಹೊಸ ತೋಟೆ ಕೊಳ್ಳಲು ಇಬ್ಬರೂ ಶಿವಮೊಗ್ಗದ ಬಸ್ಸು ಹತ್ತಿದೆವು. ಅಂಗಡಿಯವನು ಲೈಸೆನ್ಸಿನ ಪುಸ್ತಕ ತೆರೆದು ಎಷ್ಟು ಕೊಡಲಿ ಎಂದ. ನಾನು, "ಎಷ್ಟು ತಗೋಬೌದೋ ಅಷ್ಟೂ ಕೊಡ್ರಿ, ಪದೇಪದೇ ಬರಾಕೆ ಆಗಲ್ಲ" ಎಂದೆ. ಮಿಲ್ಟ್ರಿ ಮಾವ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದರು.

"ವರ್ಷಕ್ಕೆ ಎಷ್ಟು ಸಲ ಈಡು ಹೊಡಿತೀಯ?"

"ಜೋಳ ಹಾಲು ಕಟ್ಟೋ ಹೊತ್ತಿಗೆ ನಾಲ್ಕೈದು ಸಲ..."

"ಹಂಗಾರೆ ಐದು ತಗೋ. ಪುಸ್ತಕದಾಗೆ ಬರೆದೈತಲ್ಲ, ಅದಕ್ಕಿಂತ ಹೆಚ್ಚು ತಗೋಬಾರ್ದು ಅಂತ ಕಾನೂನು. ಅಷ್ಟೂ ತಗೋಬೇಕು ಅಂತ ಎಲ್ಲಿ ಐತೆ? ಮನ್ಯಾಗೆ ತೋಟೆ ಜಾಸ್ತಿ ಇದ್ರೆ ಕೆಲಸನೂ ಜಾಸ್ತಿ ಹುಟ್ತಾವೆ."

ಅಂಗಡಿಯವನ ಮುಂದೆ ನನಗೆ ಅವಮಾನವಾದಂತಾಯಿತು. ಐದು ತೋಟೆಗಾಗಿ ಶಿವಮೊಗ್ಗದವರೆಗೆ ಬಂದವನು ನಾನೊಬ್ಬನೇ ಇರಬೇಕು ಎನ್ನಿಸಿತು. ಆದರೂ ಐದೇ ತೆಗೆದುಕೊಂಡೆ.

ಮನೆಗೆ ಬಂದಮೇಲೆ ಜಾಗ ಗೊತ್ತುಮಾಡಿದವರೂ ಅವರೇ. ಬಂದೂಕು ಪಡಸಾಲೆಯ ಕಬ್ಬಿಣದ ಬೀರುವಿನಲ್ಲಿ, ಬಿಚ್ಚಿ, ಬಟ್ಟೆಯಲ್ಲಿ ಸುತ್ತಿ. ತೋಟೆ ಬೇರೆ ಕೋಣೆಯಲ್ಲಿ, ತಮ್ಮದೇ ಹಳೆಯ ಸೈನ್ಯದ ಟ್ರಂಕಿನಲ್ಲಿ. ಆ ಟ್ರಂಕನ್ನು ಅವರು ನನಗೆ ಹಾಗೆಯೇ ಕೊಟ್ಟುಬಿಟ್ಟಿದ್ದರು. ನೆಲದ ತೇವ ತಾಗದ ಹಾಗೆ ಹಲಗೆಯ ಮೇಲೆ ಇಡಬೇಕು. ಒಲೆಯಿಂದ ದೂರ, ಬಿಸಿಲು ಬೀಳುವ ಕಿಟಕಿಯಿಂದ ದೂರ. ಅಂಗಡಿಯ ಡಬ್ಬಿಯಿಂದ ತೋಟೆ ಬಿಚ್ಚಿ ಚೆಲ್ಲಾಡಬಾರದು. ಡಬ್ಬಿಯ ಮೇಲೆ ಕೊಂಡ ತಾರೀಖು ಬರೆಯಬೇಕು. ಅಂಗಿಯ ಜೇಬಿನಲ್ಲಿ ಒಂದೂ ಉಳಿಯಬಾರದು. ಬೀರುವಿನ ಕೀಲಿ ನನ್ನ ಹತ್ತಿರ, ಟ್ರಂಕಿನ ಕೀಲಿ ನನ್ನ ಹೆಂಡತಿಯ ಹತ್ತಿರ.

"ಇಬ್ರಿಗೂ ಒಂದೇ ಹೊತ್ತಿಗೆ ತಲೆ ಕೆಡಲ್ಲ" ಎಂದು ಅವರು ಆಕೆಗೆ ಕೀಲಿ ಕೊಡುತ್ತಾ ಹೇಳಿದ್ದು ನೆನಪಿದೆ. ಆಕೆ ನಕ್ಕಿದ್ದಳು. ನಾನೂ ನಕ್ಕಿದ್ದೆ.

ಇನ್ನೊಂದು ಪಾಠವನ್ನು ಅವರು ಬಾಯಿಂದ ಹೇಳದೆ ಮೈಗೆ ಹತ್ತಿಸಿದರು. ಬಂದೂಕು ಹಿಡಿದು ಯಾರ ಹತ್ತಿರ ಹೋದರೂ ಮೊದಲು ಅದನ್ನು ಮಡಚಿ, ಖಾಲಿ ಇದೆ ಎಂದು ತೋರಿಸಬೇಕು. ಎಣ್ಣೆ ಹಚ್ಚುವುದನ್ನು ಕಲಿಯಲು ಅವರ ಮನೆಗೆ ಹೋದಾಗಲೆಲ್ಲ, "ಖಾಲಿ ಐತಾ? ತೋರ್ಸು" ಎನ್ನುತ್ತಿದ್ದರು. ತೋರಿಸದೆ ಒಳಗೆ ಕಾಲಿಡುವ ಹಾಗಿರಲಿಲ್ಲ.

ಇದೆಲ್ಲ ಆಗಿ ಮೂರು ವರ್ಷಕ್ಕೆ ಆ ಭಾನುವಾರ ಬಂತು.

ನಾಲೆಯ ಕೆಳಗೆ ನನಗೂ ನನ್ನ ದೊಡ್ಡಪ್ಪನ ಮಗನಿಗೂ ಪಕ್ಕಪಕ್ಕ ಗದ್ದೆ. ಅವನು ನನಗಿಂತ ನಾಲ್ಕು ವರ್ಷ ಚಿಕ್ಕವನು, ತಮ್ಮ ಎಂದೇ ಕರೆಯುತ್ತಿದ್ದೆ. ಚಿಕ್ಕಂದಿನಲ್ಲಿ ಒಂದೇ ತಟ್ಟೆಯಲ್ಲಿ ಉಂಡವರು. ಆ ಸಲ ನಾಲೆಯ ನೀರು ಕಡಿಮೆ ಬಂದಿತ್ತು, ಸರದಿಯ ಮೇಲೆ ಬಿಡುತ್ತಿದ್ದರು. ನನ್ನ ಸರದಿಯ ದಿನವೇ ಅವನು ನನ್ನ ತೂಬಿಗೆ ಕಲ್ಲು ತುಂಬಿ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡಿದ್ದ. ನಾನು ನಾಟಿ ಮಾಡಿಸಿ ನಾಲ್ಕು ದಿನವಾಗಿತ್ತು, ಗದ್ದೆಯಲ್ಲಿ ಆಗಲೇ ಬಿರುಕು ಕಾಣುತ್ತಿತ್ತು. ಕಲ್ಲು ತೆಗೆಯಲು ಬಗ್ಗಿದೆ. ಅವನು ಬಂದು ಎದೆಗೆ ಕೈಹಾಕಿ ನೂಕಿದ. ಕಾಲುವೆಯ ಕೆಸರಿನಲ್ಲಿ ಅಂಗಾತ ಬಿದ್ದೆ. ಅವನ ಗದ್ದೆಯಲ್ಲಿ ನಾಟಿ ಹಾಕುತ್ತಿದ್ದ ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು.

"ನಿಮ್ಮಪ್ಪ ಇದ್ದಾಗ ಆ ಬಂದೂಕಿಗೆ ಒಂದು ಬೆಲೆ ಇತ್ತು" ಎಂದ ಅವನು. "ಈಗ ಅದಕ್ಕೂ ತುಕ್ಕು, ನಿನಗೂ ತುಕ್ಕು."

ಅಲ್ಲಿಂದ ಮನೆಯವರೆಗೆ ಹೇಗೆ ಬಂದೆನೋ... ದಾರಿ ನೆನಪಿಲ್ಲ. ಬೀರು ತೆಗೆದದ್ದು ನೆನಪಿದೆ. ಬಂದೂಕು ಜೋಡಿಸುವಾಗ ಬೆರಳ ಕೆಸರು ನಳಿಗೆಗೆ ಮೆತ್ತಿದ್ದು ನೆನಪಿದೆ. ಹೆಂಡತಿ ಮಗಳನ್ನು ಕರೆದುಕೊಂಡು ಹೊನ್ನಾಳಿಗೆ ಹೋಗಿದ್ದಳು, ಟ್ರಂಕಿನ ಕೀಲಿ ಅವಳ ಜೊತೆಗಿತ್ತು. ನಾನು ಹಿತ್ತಲಿಂದ ಹಾರೆ ತಂದು ಬೀಗ ಮೀಟಿ ಮುರಿದೆ.

ಒಳಗೆ ಒಂದು ಖಾಲಿ ಡಬ್ಬಿ ಇತ್ತು. ಕೊನೆಯ ಎರಡು ತೋಟೆಯನ್ನು ಹಿಂದಿನ ವಾರವಷ್ಟೇ ಹಂದಿ ಬೆದರಿಸಲು ಹೊಡೆದಿದ್ದೆ. ಶಿವಮೊಗ್ಗಕ್ಕೆ ಹೋದರಾಯಿತು ಎಂದು ಮುಂದೂಡಿದ್ದೆ. ಸಿಟ್ಟಿನಲ್ಲಿ ಅದೂ ಮರೆತುಹೋಗಿತ್ತು.

ಆಗಲಾದರೂ ಬುದ್ಧಿ ಬರಬೇಕಿತ್ತು. ಬರಲಿಲ್ಲ. ಊರಿನಲ್ಲಿ ಇನ್ನೊಬ್ಬರ ಮನೆಯಲ್ಲಿ ತೋಟೆ ಇದೆಯೆಂಬುದು ಹೊಳೆಯಿತು, ಅಷ್ಟೆ. ಬಂದೂಕು ಹಿಡಿದುಕೊಂಡೇ ಓಡಿದೆ. ನಾಟಿಯ ದಿನಗಳಾದ್ದರಿಂದ ಬೀದಿಯಲ್ಲಿ ಯಾರೂ ಇರಲಿಲ್ಲ.

ಮಿಲ್ಟ್ರಿ ಮಾವ ಕಟ್ಟೆಯ ಮೇಲೆ ಕುಳಿತು ಬ್ಯಾಂಕಿಗೆ ಹಾಕಿಕೊಂಡು ಹೋಗುವ ಬೂಟಿಗೆ ಪಾಲಿಶ್ ಉಜ್ಜುತ್ತಿದ್ದರು. ಅಂಗಳಕ್ಕೆ ಕಾಲಿಟ್ಟವನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಏನಾಯಿತು ಎಂದು ಕೇಳಲಿಲ್ಲ.

"ಖಾಲಿ ಐತಾ? ತೋರ್ಸು" ಎಂದರು.

ಕೈಗೆ ಅಭ್ಯಾಸವಾಗಿತ್ತು. ಮಡಚಿದೆ, ತೋರಿಸಿದೆ. ಅವರು ಕೈ ಚಾಚಿದರು, ನಾನು ಬಂದೂಕು ಕೊಟ್ಟೆ. ಅವರು ಅದನ್ನು ಬೆನ್ನ ಹಿಂದೆ ಗೋಡೆಯ ಪಕ್ಕ ಮಲಗಿಸಿದರು. ಕೊಟ್ಟುಬಿಟ್ಟೆ ಎಂಬುದು ನನಗೆ ಅರಿವಾದದ್ದು ಕೈ ಖಾಲಿಯಾದ ಮೇಲೆ.

"ಮಾವ, ಎರಡು ತೋಟೆ ಕೊಡ್ರಿ."

"ನನ್ನ ಲೈಸೆನ್ಸಿನ ತೋಟೆ ನಿನಗೆ ಕೊಡಾಕೆ ಬರಲ್ಲ. ಅದು ನಿನಗೂ ಗೊತ್ತು."

"ಕೊಡ್ರಿ ಮಾವ. ಕೈ ಮುಗಿತೀನಿ."

ಅವರು ಎದ್ದು ಒಳಗೆ ಹೋದರು. ತೋಟೆ ತರಲು ಹೋದರು ಎಂದೇ ಅಂದುಕೊಂಡೆ. ಬಂದಾಗ ಕೈಯಲ್ಲಿ ಒಂದು ಹಾಳೆ, ಒಂದು ಪೆನ್ನು.

"ಗೊತ್ತಿದ್ದೂ ಕೇಳಾಕೆ ಬಂದೀಯ ಅಂದ್ರೆ ಬಾಳ ಜರೂರು ಇರ್ಬೇಕು. ಯಾತಕ್ಕೆ ಬೇಕು ಅಂತ ಬರ್ಕೊಡು. ನಾಳೆ ನನ್ನ ಕೇಳಿದ್ರೆ ತೋರಿಸಾಕೆ ಬೇಕಲ್ಲ."

ಹಾಳೆಯನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೆ. ಅಂಗಿಯಿಂದ ಕೆಸರು ನೀರು ತೊಟ್ಟಿಕ್ಕುತ್ತಿತ್ತು. ಪೆನ್ನು ಹಿಡಿದ ಮೇಲೆ ಬರೆಯಬೇಕಾದ್ದು ತಮ್ಮನ ಹೆಸರು. ಮೊದಲ ಅಕ್ಷರ ಕೂಡ ಬರೆಯಲಾಗಲಿಲ್ಲ. ಬಹಳ ಹೊತ್ತಿನ ಮೇಲೆ 'ಹಂದಿ' ಎಂದು ಬರೆದು ಕೊಟ್ಟೆ.

ಅವರು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಓದಿದರು. "ಹಗಲು ಹನ್ನೊಂದು ಗಂಟೆಗೆ ಹಂದಿ ಬರ್ತಾವೇನೋ ಅಳಿಯಾ?" ಎಂದರು.

ನನಗೆ ಅಳು ಬಂತು. ಮೂವತ್ತೆರಡು ವರ್ಷದ ಗಂಡಸು, ಒಂದು ಮಗುವಿನ ತಂದೆ, ಅವರ ಕಟ್ಟೆಯ ಮೇಲೆ ಬಿಕ್ಕಿ ಬಿಕ್ಕಿ ಅತ್ತೆ. ಅವರು ಬೆನ್ನು ಸವರಲಿಲ್ಲ, ಸಮಾಧಾನ ಹೇಳಲಿಲ್ಲ. ಇನ್ನೊಂದು ಬೂಟು ಎತ್ತಿಕೊಂಡು ಉಜ್ಜತೊಡಗಿದರು. ನಾನು ಅಳುವುದನ್ನು ನೋಡದೆ ಇರಲು ಅವರಿಗೊಂದು ಕೆಲಸ ಬೇಕಿತ್ತೆಂದು ಈಗ ಅನ್ನಿಸುತ್ತದೆ. ಅಳು ನಿಂತ ಮೇಲೆ ನೀರು ತಂದುಕೊಟ್ಟರು. ಆಮೇಲೆ ನಾಲೆಯ ಮೇಲೆ ನಡೆದದ್ದೆಲ್ಲ ಹೇಳಿದೆ. ತುಕ್ಕಿನ ಮಾತನ್ನೂ ಬಿಡಲಿಲ್ಲ.

"ಸಿಟ್ಟು ಬಂದಿದ್ದು ತಪ್ಪಲ್ಲ" ಎಂದರು. "ನನಗೂ ಬಂದೈತೆ. ನಮ್ಮೋರಿಗೆ ಈ ಊರಾಗೆ ಎಂಥೆಂಥ ಮಾತು ಅಂದಾರೆ ನಿನಗೆ ಗೊತ್ತಿಲ್ಲ. ಆವಾಗೆಲ್ಲ ನನ್ನ ಹತ್ರನೂ ಬಂದೂಕಿತ್ತು. ನಡಿ, ಲೈಸೆನ್ಸು ತಗಂಬಾ. ಜಮೆ ಮಾಡಿ ಬರಾಣ."

ಬಂದೂಕನ್ನು ಚೀಲದಲ್ಲಿ ಹಾಕಿ, ಅವರ ಟಿ.ವಿ.ಎಸ್.ನಲ್ಲಿ ಇಬ್ಬರೂ ಠಾಣೆಗೆ ಹೋದೆವು. ಚುನಾವಣೆ ಇಲ್ಲ, ಏನಿಲ್ಲ, ಯಾಕೆ ಜಮೆ ಎಂದು ಅಲ್ಲಿದ್ದ ಹೆಡ್ ಕಾನ್‌ಸ್ಟೇಬಲ್ ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮಿಲ್ಟ್ರಿ ಮಾವ, "ಮನೆಗೆ ಸುಣ್ಣ ಬಣ್ಣ ಮಾಡ್ಸಾಕೆ ಹತ್ಯಾರೆ ಸಾರ್. ಆಳುಗಳು ಒಳಗೆ ಹೊರಗೆ ಓಡಾಡ್ತಾರೆ. ಯಾಕೆ ಸುಮ್ನೆ" ಎಂದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಆ ಒಂದೇ ಸಲ.

ನನ್ನನ್ನು ಮನೆಯ ಮುಂದೆ ಇಳಿಸಿ, "ಸ್ನಾನ ಮಾಡಿ ಉಂಡು ಮಲಗು. ಗದ್ದೆ ಕಡೆ ಹೋಗಬ್ಯಾಡ" ಎಂದು ಹೇಳಿ ಹೋದರು. ಸಂಜೆ ಹೆಂಡತಿ ಬಂದು ಮುರಿದ ಬೀಗ ನೋಡಿದಳು. ಎಲ್ಲವನ್ನೂ ಹೇಳಿದೆ. ಬೈಯುತ್ತಾಳೆಂದುಕೊಂಡಿದ್ದೆ. ಅವಳು ಮಗಳನ್ನು ಎಳೆದು ತೊಡೆಯ ಮೇಲೆ ಕೂರಿಸಿಕೊಂಡಳು. ಮರುದಿನ ಹೊಸ ಬೀಗ ತರಿಸಿ, ಅದರ ಕೀಲಿಯನ್ನು ತಾಳಿಯ ಸರಕ್ಕೇ ಪೋಣಿಸಿಕೊಂಡಳು.

ಬೆಳಗ್ಗೆ ಗದ್ದೆಗೆ ಹೋದರೆ ನೀರು ತುಂಬಿ ನಿಂತಿತ್ತು. ತೂಬಿನ ಕಲ್ಲು ಯಾರೋ ತೆಗೆದಿದ್ದರು. ಸರದಿ ನೋಡಿಕೊಳ್ಳುವ ನೀರುಗಂಟಿಯೇ ಬಂದು ಸರಿಮಾಡಿರಬೇಕು ಅಂದುಕೊಂಡೆ. ಕೊಯ್ಲು ಮುಗಿದ ಮೇಲೆ ಮಾವನ ಜೊತೆಯೇ ಹೋಗಿ ಬಂದೂಕು ಬಿಡಿಸಿಕೊಂಡು ಬಂದೆ. ಆ ದಿನದ ಮಾತನ್ನು ಅವರು ಮತ್ತೆ ಯಾವತ್ತೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ತಮ್ಮನ ಜೊತೆ ಮಾತು ಬೆಳೆಯಲು ಎರಡು ವರ್ಷ ಹಿಡಿಯಿತು. ಮೊದಲು ನೀರಿನ ಸರದಿಯ ಮಾತು, ಆಮೇಲೆ ಮಕ್ಕಳ ಮಾತು. ಅವನ ಮಗಳ ಮದುವೆಯಲ್ಲಿ ಅಕ್ಕಿ ಅಳೆದು ಕೊಟ್ಟವನು ನಾನೇ.

ಮಿಲ್ಟ್ರಿ ಮಾವ ಬ್ಯಾಂಕಿನ ಕೆಲಸ ಬಿಟ್ಟ ಕೆಲವು ವರ್ಷಕ್ಕೆ ತಮ್ಮ ಬಂದೂಕನ್ನೂ ಉಳಿದ ತೋಟೆಯನ್ನೂ ಅಂಗಡಿಗೆ ಕೊಟ್ಟು ಲೈಸೆನ್ಸು ರದ್ದು ಮಾಡಿಸಿದರು. ನಾನು ಯಾಕೆಂದು ಕೇಳಿದ್ದಕ್ಕೆ ಬಲಗೈ ಚಾಚಿ ತೋರಿಸಿದರು. ಬೆರಳು ಸಣ್ಣಗೆ ನಡುಗುತ್ತಿದ್ದವು. "ಇನ್ನು ಅದು ನನ್ನದಲ್ಲ" ಎಂದರು.

ಹೋದ ವರ್ಷ ಚಳಿಗಾಲದಲ್ಲಿ ಅವರು ತೀರಿಕೊಂಡರು. ಅವರ ಕೇರಿಯವರು ಬುದ್ಧನ ಪಟದ ಮುಂದೆ ಮೇಣದ ಬತ್ತಿ ಹಚ್ಚಿ, ಬಿಳಿ ಹೂವಿಟ್ಟು, ಮೆಲುದನಿಯಲ್ಲಿ ಪ್ರಾರ್ಥನೆ ಹೇಳಿದರು. ನಾನೂ ಒಂದು ಹೂವಿಟ್ಟೆ. ಹೇಳಬೇಕಾದ ಮಾತು ಇಷ್ಟು ವರ್ಷ ಬಾಯಲ್ಲೇ ಉಳಿದಿತ್ತು... ಇನ್ನು ಕೇಳುವವರಿರಲಿಲ್ಲ.

ಮಣ್ಣು ಮಾಡಿ ಬರುವಾಗ ತಮ್ಮ ನನ್ನ ಜೊತೆಗಿದ್ದ. ನಾಲೆಯ ಏರಿಯ ಮೇಲೆ ಕುಳಿತೆವು. ಅಲ್ಲಿ ಅವನಿಗೆ ಎಲ್ಲವನ್ನೂ ಹೇಳಿಬಿಟ್ಟೆ. ಹಾರೆ, ಟ್ರಂಕು, ಹಾಳೆ, ಪೆನ್ನು. ಅವನು ನೀರನ್ನೇ ನೋಡುತ್ತಾ ಕೇಳಿದ.

"ಬಂದೂಕಿನ ವಿಷಯ ನನಗೆ ಗೊತ್ತಿರಲಿಲ್ಲಣ್ಣ" ಎಂದ ಕೊನೆಗೆ. "ಆವತ್ತು ಮಧ್ಯಾಹ್ನ ಅವ್ರು ನಮ್ಮನೆಗೆ ಬಂದಿದ್ರು. ಸೀದಾ ಬಂದು ನಮ್ಮ ಜಗಲಿ ಮ್ಯಾಲೆ ಕುಂತ್ರು. ನಿನ್ನ ಅಣ್ಣನ ಗದ್ದೆಗೆ ನೀರು ಬಿಡಪ್ಪ, ಬಿಟ್ಟ ಮ್ಯಾಲೆ ಏಳ್ತೀನಿ ಅಂದ್ರು."

ನಮ್ಮ ದೊಡ್ಡಪ್ಪ ಬದುಕಿದ್ದಾಗ ಆ ಕೇರಿಯವರು ಆ ಜಗಲಿಯನ್ನು ಮುಟ್ಟುವ ಹಾಗಿರಲಿಲ್ಲ. ಅದು ನನಗೂ ಗೊತ್ತು, ತಮ್ಮನಿಗೂ ಗೊತ್ತು, ಮಾವನಿಗಂತೂ ಚೆನ್ನಾಗಿಯೇ ಗೊತ್ತಿತ್ತು.

"ನಾನು ರೇಗಾಡಿದೆ. ಎದ್ದು ಹೋಗ್ರಿ ಅಂತಾನೂ ಅಂದೆ. ಏಳಲಿಲ್ಲ. ಎರಡು ಮೂರು ತಾಸು ಕುಂತಿದ್ರು. ನನ್ನ ಹೆಂಡ್ತಿ ಕಾಫಿ ತಂದಿಟ್ರೆ ಮುಟ್ಟಲಿಲ್ಲ. ನನಗೇ ನಾಚಿಕೆ ಆತು. ಹೋಗಿ ಕಲ್ಲು ತೆಗೆದು ಬಂದೆ. ಆಮೇಲೆ ಆರಿದ ಕಾಫೀನೇ ಕುಡಿದು ಹೋದ್ರು."

ಆ ವಾರ ಮುಗಿಯುವುದರೊಳಗೆ ನಾನು ಮಾವನ ಮನೆಗೆ ಹೋದೆ. ಅವರ ಹೆಂಡತಿ, ನಾನು ಅತ್ತೆ ಎನ್ನುವವರು, ಕಟ್ಟೆಯ ಮೇಲೆ ಅವರೆಕಾಯಿ ಸುಲಿಯುತ್ತಿದ್ದರು. ಅವರಿಗೂ ಹೇಳಿದೆ. ಮಾವನಿಗೆ ಹೇಳದೆ ಉಳಿದ ಮಾತನ್ನು ಅವರ ಮುಂದಾದರೂ ಹೇಳಬೇಕಿತ್ತು. "ಅವ್ರಿಂದ ನಾನು ಮನುಷ್ಯನಾಗಿ ಉಳಿದೆ ಅತ್ತೆ" ಎಂದೆ.

ಅತ್ತೆಯ ಕೈ ನಿಂತಿತು. ಅವರು ಯೋಚಿಸುತ್ತಿದ್ದದ್ದು ಬೇರೆಯೇ.

"ಆ ಭಾನುವಾರನಾ?" ಎಂದರು. "ಕೋಳಿ ಸಾರು ಮಾಡಿದ್ದೆ ನಾನು. ಅವ್ರು ಭಾನುವಾರದ ಊಟ ಯಾವತ್ತೂ ತಪ್ಪಿಸಿದೋರಲ್ಲ. ಸಂಜೆಗೆ ಬಂದ್ರು. ಎಲ್ಲಿ ಹೋಗಿದ್ರಿ ಅಂದ್ರೆ, ಗದ್ದೆಗೆ ನೀರು ಬಂತೋ ಇಲ್ಲೋ ನೋಡಾಕೆ ಹೋಗಿದ್ದೆ ಅಂದ್ರು. ನಮಗೆಲ್ಲಿ ಐತ್ರೀ ಗದ್ದೆ ಅಂತ ಬಾಯಿಗೆ ಬಂದಂಗೆ ಬೈದುಬಿಟ್ಟೆ ಕಣಪ್ಪ. ಮೂರು ದಿನ ಮಾತಾಡ್ಸಲಿಲ್ಲ."

ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಅವರೆಕಾಯಿ ಕೈಗೆತ್ತಿಕೊಂಡರು. ನಾನು ಅವರ ಪಕ್ಕದಲ್ಲಿ ಕುಳಿತು ಸುಲಿಯತೊಡಗಿದೆ. ಕಾಯಿಯ ಸಿಪ್ಪೆ ಒಂದೊಂದೇ ಬುಟ್ಟಿಗೆ ಬೀಳುವ ಸದ್ದು ಬಿಟ್ಟರೆ ಮನೆಯಲ್ಲಿ ಬೇರೆ ಸದ್ದಿರಲಿಲ್ಲ. ಆ ನಾಲೆಯ ಕೆಳಗೆ ಮಿಲ್ಟ್ರಿ ಮಾವನಿಗೆ ಒಂದು ಗುಂಟೆ ಗದ್ದೆಯೂ ಇರಲಿಲ್ಲ.